ಅಬುಂದಿಯೊ ಟ್ಯೂಬಾ ಊದಿದ್ದು

ಅಬುಂದಿಯೊ ಅವರ ನೆಮ್ಮದಿಗೆ ಕಲ್ಲು ಹಾಕಿದವನು ಪಕ್ಕದ ಮನೆಯ ಕ್ರಿಸ್ಪೀನ್.

"ನಾಲ್ಕು ವರ್ಷದಿಂದ ಅದೇ ಇನ್‌ಹೇಲರಾ ಮಾರಾಯ? ಎದೆಗೆ ಅದು ರೂಢಿಯಾಗಿ ಹೋಗಿರುತ್ತೆ. ಇನ್ನು ಅದು ಬರೀ ಗಾಳಿ!" ಎಂದು ಘೋಷಿಸಿ, ಅವರದೇ ಮನೆಯ ಕಾಫಿ ಕುಡಿದು ಎದ್ದುಹೋದ.

ಇಟ್ಟಿಗೆ ಗೂಡಿನ ಹೊಗೆಯಲ್ಲಿ ಅರ್ಧ ಆಯುಷ್ಯ ಕಳೆದಿದ್ದ ಅಬುಂದಿಯೊ ಅವರ ಶ್ವಾಸಕೋಶ ಸೋತಿತ್ತು. ಬೆಳಿಗ್ಗೆ ಸಂಜೆ ಇನ್‌ಹೇಲರ್ ಸೇದುತ್ತಿದ್ದುದರಿಂದ ಹೇಗೋ ಓಡಾಡಿಕೊಂಡಿದ್ದರು. ಡಾಕ್ಟರಮ್ಮನ ಮಾತಿನಿಂದಾಗಿ ಊರಿನ ಸರದಿ ಸೇವೆಯಿಂದಲೂ ವಿನಾಯಿತಿ ಸಿಕ್ಕಿತ್ತು. (ಓಹಾಕಾ ಪ್ರಾಂತ್ಯದ ಆ ಬೆಟ್ಟದೂರಿನಲ್ಲಿ ಸರದಿ ಬಂದವನು ವರ್ಷವಿಡೀ ಸಂಬಳವಿಲ್ಲದೆ ದುಡಿಯಬೇಕು. ಮದುವೆ ತಪ್ಪಿಸಿಕೊಂಡವರುಂಟು, ಸೇವೆ ತಪ್ಪಿಸಿಕೊಂಡವರಿಲ್ಲ.) ಆ ಕಾಯಿಲೆಯಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ.

"ಲೇ ಎರ್ಮಿನಿಯಾ, ನಾನು ಹೋದಮೇಲೆ ನನ್ನ ಟ್ಯೂಬಾನ ಬ್ಯಾಂಡಿನವರಿಗೆ ಕೊಟ್ಬಿಡು. ಹೆಣ ಕಾಯೋ ದಿನ ಎಲ್ರಿಗೂ ಚಾಕಲೇಟು ಕಾಯಿಸಿ ಕೊಡು, ಕ್ರಿಸ್ಪೀನ್‌ಗೆ ಮಾತ್ರ ಬೇಡ," ಎಂದರು ಅಬುಂದಿಯೊ ಆ ಸಂಜೆ.

"ಹೋಗೋಕ್ ಮುಂಚೆ ಸಂಜೆ ಔಷಧಿ ಸೇದಿ ಹೋಗಿ," ಎಂದಳು ಹೆಂಡತಿ, ರೊಟ್ಟಿ ಮಗುಚುತ್ತಾ. ರೊಟ್ಟಿ ಆಗಲೇ ಸೀದುಹೋಗಿತ್ತು. ಅವಳಿಗೂ ಒಳಗೊಳಗೇ ಭಯ.

ಮರುದಿನ ಆಸ್ಪತ್ರೆಯಲ್ಲಿ ಅಬುಂದಿಯೊ ಉಸಿರಿನ ಪರೀಕ್ಷೆಯ ಕೊಳವೆಗೆ ಊದಿದರು. ಊದಿ ಊದಿ ಕೆಂಪಗಾಗಿ ಕುರ್ಚಿಗೊರಗಿದರು. ಡಾಕ್ಟರಮ್ಮ ಯಂತ್ರದ ಕಾಗದದ ಮೇಲಿನ ಹಳೆಯ ಗೆರೆಯನ್ನೂ ಹೊಸ ಗೆರೆಯನ್ನೂ ಹೋಲಿಸಿ ನಕ್ಕರು.

"ಕಾಯಿಲೆ ವಾಸಿಯಾಗಿಲ್ಲ, ಯಜಮಾನ್ರೇ. ಆದ್ರೆ ಮೊದಲಿಗಿಂತ ಕೆಟ್ಟೂ ಇಲ್ಲ. ಔಷಧಿ ಇವತ್ತಿಗೂ ಕೆಲಸ ಮಾಡ್ತಿದೆ. ತಪ್ಪಿಸದೆ ತಗೊಂಡಿದ್ದೀರಲ್ಲ, ಅದಕ್ಕೆ."

"ಇವ್ರು ಎಲ್ಲಿ ತಗೊಂಡ್ರು? ನಾನು ತಗೊಳ್ಳೋ ಹಾಗೆ ಮಾಡಿದ್ದು!" ಎಂದು ಎರ್ಮಿನಿಯಾ ಶಾಲಿನಿಂದ ಕಣ್ಣೊರೆಸಿಕೊಂಡಳು.

ಮನೆಗೆ ಬಂದ ಅಬುಂದಿಯೊಗೆ ಸಂತೋಷ ತಡೆಯಲಾಗಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಟ್ಯೂಬಾ, ಆ ಮಹಾಕಾಯದ ಹಿತ್ತಾಳೆ ವಾದ್ಯ, ಹೆಗಲೇರಿತು.

"ಬೇಡ ರೀ! ಇವತ್ತು ಚೌಕದಲ್ಲಿ..."

ಅವರು ಕೇಳಿಸಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ಒಂದು ಇಡೀ ಹಾಡು ಊದಿದರು. ಕೊನೆಯ ಸ್ವರವನ್ನು ಎಷ್ಟು ಎಳೆದರೆಂದರೆ ಬೀದಿನಾಯಿಗಳಿಗೇ ಮೊದಲು ಸುಸ್ತಾಯಿತು.

ಕಣ್ಣು ತೆರೆದರೆ, ಎದುರಿನ ಚೌಕದಲ್ಲಿ ಊರಿಗೆ ಊರೇ ಸಭೆ ಸೇರಿದೆ. ಹೊಸ ವರ್ಷದ ಸೇವೆಗೆ ಆಳು ಆರಿಸುವ ಸಭೆ! ಎಲ್ಲರ ಕತ್ತೂ ಇತ್ತ ತಿರುಗಿತ್ತು.

"ಅಬುಂದಿಯಣ್ಣ, ನಿಮಗೆ ಉಸಿರೇ ಸಾಲಲ್ಲ ಅಂತಿದ್ರಲ್ಲ," ಎಂದು ಸಭೆಯ ಮುಖ್ಯಸ್ಥ ಕೂಗಿ ಕೇಳಿದ. "ಈಗ ಊದಿದ್ದು ಯಾರು?"

"ನನ್ನ ಹೆಂಡ್ತಿ," ಎಂದರು, ಹೆಗಲ ಮೇಲೆ ಟ್ಯೂಬಾ ಹೊತ್ತುಕೊಂಡೇ.

ಚರ್ಚಿನ ಕಾವಲಿನ ಸೇವೆಗೆ ಅಬುಂದಿಯೊ ಆಗಬಹುದೆನ್ನುವವರು ಕೈ ಎತ್ತಲಿ ಎಂದ ಮುಖ್ಯಸ್ಥ. ಎಲ್ಲರೂ ಎತ್ತಿದರು. ಕ್ರಿಸ್ಪೀನ್ ಎರಡೂ ಕೈ ಎತ್ತಿದ.

ಸೇವೆಯ ಮೊದಲ ಬೆಳಿಗ್ಗೆ, ಕೋಳಿ ಕೂಗುವ ಮೊದಲೇ ಎರ್ಮಿನಿಯಾ ಅಲುಗಾಡಿಸಿದಳು. "ಏಳಿ, ಚರ್ಚಿನ ಗಂಟೆ ಹೊಡೀಬೇಕು."

"ಯಾಕೋ ಎದೆ ಬಿಗಿದ ಹಾಗಿದೆ ಕಣೇ..."

ಅವಳು ಇನ್‌ಹೇಲರ್ ಮುಂದೆ ಹಿಡಿದಳು. "ಸೇದಿ. ಇದು ಕೆಲಸ ಮಾಡುತ್ತೆ ಅಂತ ಊರಿಗೆಲ್ಲ ಊದಿ ಹೇಳಿದ್ದೀರಲ್ಲ!"

ಅಬುಂದಿಯೊ ಸೇದಿದರು. ಹಾಳಾದ್ದು, ಕೆಲಸ ಮಾಡಿತು.