ಛಾವಣಿ ದುರಸ್ತಿಯಲ್ಲಿದೆ

ಯುದ್ಧ ಮುಗಿದ ಹೊತ್ತಿಗೆ ಆ ರಾಜ್ಯದಲ್ಲಿ ಒಂದೇ ಒಂದು ದೊಡ್ಡ ಕಾರ್ಖಾನೆ ಇತ್ತು, ಮತ್ತು ಅದು ಕಾರ್ಖಾನೆಯಾಗಿರಲಿಲ್ಲ. ಉಳಿದದ್ದೆಲ್ಲ ಹೊಲ.

ಕಾರ್ಖಾನೆಯಲ್ಲದ ಆ ಕಾರ್ಖಾನೆ ನಿಂತಿದ್ದದ್ದು ದೊಡ್ಡಮ್ಮನ ಆಲೂಗಡ್ಡೆ ಹೊಲದ ಮೇಲೆ. ದೊಡ್ಡಮ್ಮ ಎಂದು ಮೊದಲು ಕರೆದವರು ತಂಗಿಯ ಮಕ್ಕಳು. ಕೇಳಿ ಕೇಳಿ ಇಡೀ ಊರಿಗೇ ಅದು ಅಂಟಿಕೊಂಡು, ಅವಳಿಗಿಂತ ಹತ್ತಾರು ವರ್ಷ ದೊಡ್ಡವರಾದ ಹಲ್ಲಿಲ್ಲದ ಮುದುಕರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಯುದ್ಧದ ಕಾಲದಲ್ಲಿ ವೈರಿ ವಿಮಾನಗಳು ಎಲ್ಲಿ ಬಾಂಬು ಹಾಕುವುದೆಂದು ಹುಡುಕುತ್ತ ಬಂದರೆ ಅವುಗಳಿಗೆ ನಿರಾಸೆಯಾಗಬಾರದು ಎಂಬ ಕಾರಣಕ್ಕೆ ಸೇನೆಯವರು ಒಂದು ಸುಳ್ಳು ಕಾರ್ಖಾನೆ ಕಟ್ಟಿಸಲು ತೀರ್ಮಾನಿಸಿದರು. ರೈಲು ಹಳಿಯ ಪಕ್ಕದ ಸಮತಟ್ಟು ಜಾಗ ಬೇಕಿತ್ತು. 'ಬಾಂಬು ಬಿದ್ದರೂ ನಷ್ಟವಾಗುವಂಥದ್ದು ಸದರಿ ಸ್ಥಳದಲ್ಲಿ ಏನೂ ಇರುವುದಿಲ್ಲ' ಎಂದು ಆದೇಶದಲ್ಲಿ ಬರೆದಿತ್ತು. ಹೊಲಕ್ಕೆ ಅಂಟಿಕೊಂಡೇ ಇದ್ದ ಮನೆಯಲ್ಲಿ ವಾಸವಾಗಿದ್ದ ದೊಡ್ಡಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, ಬರೆದವನ ಅಕ್ಷರ ಚೆನ್ನಾಗಿದೆಯಾ ಎಂದು ವಿಚಾರಿಸಿದಳು.

ಕಟ್ಟುವ ಕೆಲಸ ಸಿಕ್ಕಿದ್ದು ಅವಳ ಅಳಿಯನಿಗೆ. ಅವನು ಬಡಗಿ. ಮೇಲಿನಿಂದ ನೋಡಿದರೆ ಕಾರ್ಖಾನೆಯ ಹಾಗೆ ಕಂಡರೆ ಸಾಕು ಎಂದು ಸೇನೆಯವರು ಹೇಳಿದ್ದನ್ನು ಅವನು ಅವಮಾನ ಎಂದೇ ತಿಳಿದ. ಬರೀ ಮೇಲಿನಿಂದ ಚೆಂದ ಕಾಣುವ ಕೆಲಸ ತನ್ನ ವಂಶದಲ್ಲೇ ಯಾರೂ ಮಾಡಿಲ್ಲ ಎಂದು ಹೇಳಿ ಬಾಗಿಲುಗಳಿಗೆ ಚಿಲಕ ಇಟ್ಟ, ಕಿಟಕಿಗಳಿಗೆ ಗಾಜು ಹಾಕಿದ, ಮ್ಯಾನೇಜರರ ಮೇಜಿಗೆ ಬೀಗ ಹಾಕಬಹುದಾದ ಖಾನೆ ಮಾಡಿದ. ಹಲಗೆಯ ಚಿಮಣಿಗೆ ಒಂದೊಂದೇ ಇಟ್ಟಿಗೆಯ ಗೆರೆ ಎಳೆದು ಬಣ್ಣ ಕೊಟ್ಟ. ಕೊನೆಗೆ ಇಡೀ ಹೊಲದ ಮೇಲೆ ಕ್ಯಾನ್ವಾಸಿನ ಛಾವಣಿ ಹೊದಿಸಿ ಅದಕ್ಕೆ ತಗಡಿನ ಬಣ್ಣ ಬಳಿದ. ಒಂದು ವಿಮಾನವೂ ಬರಲಿಲ್ಲ. ಯುದ್ಧ ಮುಗಿಯಿತೆಂದು ಊರೆಲ್ಲ ಕುಣಿಯುತ್ತಿದ್ದಾಗ ಅಳಿಯ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ. ಅಷ್ಟು ಮುತುವರ್ಜಿಯಿಂದ ಮಾಡಿದ್ದಕ್ಕೆ ಒಂದಾದರೂ ಬಾಂಬು ಹಾಕಬಾರದಿತ್ತೇ ಎಂಬುದು ಅವನ ಕೊರಗು.

ಸೇನೆಯವರು ಹೊರಡುವಾಗ ಒಂದು ನಿಯಮ ಬಿಟ್ಟುಹೋದರು. ಯುದ್ಧಕಾಲದಲ್ಲಿ ಸುಳ್ಳಾಗಿದ್ದುದೆಲ್ಲ ಮುಂದಿನ ಪ್ರಕಟಣೆಯವರೆಗೆ ರಹಸ್ಯವಾಗಿರತಕ್ಕದ್ದು, ಬಾಯಿಬಿಟ್ಟವರಿಗೆ ಜೈಲು. ಮುಂದಿನ ಪ್ರಕಟಣೆ ಹೊರಡಿಸಬೇಕಾದ ಕಚೇರಿಯನ್ನು ಯುದ್ಧ ಮುಗಿದ ಸಂತೋಷಕ್ಕೆ ಮುಚ್ಚಲಾಯಿತು.

ದೊಡ್ಡಮ್ಮನಿಗೆ ರಹಸ್ಯದ ಗೊಡವೆ ಇರಲಿಲ್ಲ. ಅವಳಿಗೆ ಹೊಲ ಬೇಕಿತ್ತು. ಯುದ್ಧದಷ್ಟೂ ಕಾಲ ಅವರಿವರ ಹೊಲದಲ್ಲಿ ಕೂಲಿ ಮಾಡಿ, ಅತ್ತೆಯ ಕಾಲದಿಂದ ಬಂದ ಆಲೂಗಡ್ಡೆಯ ತಳಿಯನ್ನು ಹಿತ್ತಲಿನ ಚಾಪೆಯಗಲ ಜಾಗದಲ್ಲಿ ಬೆಳೆದು ಜೀವ ಹಿಡಿಸಿಟ್ಟಿದ್ದಳು. ಈಗ ಹಿತ್ತಲ ಮಣ್ಣೂ ಸೋತುಹೋಗಿ, ಬಂದ ಗಡ್ಡೆಗಳು ಗೋಲಿಯಷ್ಟಾಗಿದ್ದವು. ಮಂಚದ ಕೆಳಗೆ ಚೀಲದಲ್ಲಿದ್ದ ಬಿತ್ತನೆ ಗಡ್ಡೆ ಮೊಳಕೆ ಬಿಡುತ್ತಿತ್ತು. ಈ ಹಂಗಾಮಿನಲ್ಲಿ ಒಳ್ಳೆಯ ನೆಲಕ್ಕೆ ಬೀಳದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು. ಅದನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಸರ್ಕಾರ, ರಾಜ್ಯವು ಕೃಷಿಯಿಂದ ಕೈಗಾರಿಕೆಗೆ ಮುಂದುವರಿದಿದೆ ಎಂದು ಪ್ರಜೆಗಳೆಲ್ಲರೂ ತಿಳಿಯತಕ್ಕದ್ದು ಎಂದು ಸಾರಿತು. ಎಷ್ಟು ಮುಂದುವರಿದಿದೆ ಎಂದು ನೋಡಲು, ರಸ್ತೆಗಳು ಸರಿಯಿಲ್ಲದ ಕಾರಣ, ಅಧಿಕಾರಿಗಳನ್ನು ವಿಮಾನದಲ್ಲಿ ಕಳಿಸಲಾಯಿತು. ಮೇಲಿನಿಂದ ಅವರಿಗೆ ಕಂಡದ್ದು ಗೋಡೆ, ಚಿಮಣಿ, ಥಳಥಳಿಸುವ ತಗಡು. ವಿಮಾನ ಎರಡು ಸುತ್ತು ಹಾಕಿ ಹೋಯಿತು ಎಂದು ಕೇಳಿದ ದಿನ ಅಳಿಯ ಹೊಟ್ಟೆ ತುಂಬಾ ಉಂಡ.

ವಾರದೊಳಗೆ ಕೈಗಾರಿಕಾ ಸಾಹೇಬರು ಛತ್ರಿ ಹಿಡಿದು ನಡೆದುಕೊಂಡು ಬಂದರು. ಹಿಂದೆ ಕುರಿ ಇಲಾಖೆಯಲ್ಲಿದ್ದ ಮೆತ್ತನೆಯ ಮನುಷ್ಯ. ಕಾರ್ಖಾನೆಯ ಗೋಡೆಗೆ ಛತ್ರಿಯಿಂದ ಕುಟ್ಟಿದರು, ಹಲಗೆ ಡಬಡಬ ಎಂದಿತು. ತಲೆ ವಾರೆ ಮಾಡಿ ಇನ್ನೊಮ್ಮೆ ಕುಟ್ಟಿ ಕೇಳಿದರು. ಗಟ್ಟಿಯಾಗಿದೆ ಎಂದರು. ರಾಜಧಾನಿಗೆ ವರದಿ ಆಗಲೇ ಹೋಗಿಬಿಟ್ಟಿತ್ತು.

"ಸಾಹೇಬ್ರೇ, ಇದು ಮರದ್ದು," ಅಂದಳು ದೊಡ್ಡಮ್ಮ.

"ಅಮ್ಮಾ, ಅದು ನನ್ನ ಕಿವಿಗೆ ಬೀಳಲಿಲ್ಲ. ಬಿದ್ರೆ ನಿಮ್ಮನ್ನ ಜೈಲಿಗೆ ಕರ್ಕೊಂಡು ಹೋಗ್ಬೇಕು. ಕರ್ಕೊಂಡು ಹೋಗೋನು ನಾನೇ. ಆ ರಸ್ತೇಲಿ ಇನ್ನೊಂದ್ಸಲ ನಡೆಯೋಕೆ ನನ್ನ ಕೈಲಾಗಲ್ಲ."

ಹಾಗಾದರೆ ಅದನ್ನು ಕಿತ್ತು ನನ್ನ ಹೊಲ ನನಗೆ ಕೊಡಿ ಎಂದು ಅವಳು ಕೇಳಿದಳು. ಸಾಹೇಬರು ಸಮಾಧಾನವಾಗಿ ತಿಳಿಸಿ ಹೇಳಿದರು. ಕಾರ್ಖಾನೆಯನ್ನು ಕೀಳಬೇಕಾದರೆ ಅದು ನಷ್ಟದಲ್ಲಿರಬೇಕು. ಈ ಕಾರ್ಖಾನೆ ಒಂದು ದಿನವೂ ನಷ್ಟ ಮಾಡಿಲ್ಲ, ಒಂದು ಅಪಘಾತ ಆಗಿಲ್ಲ, ಒಂದು ಮುಷ್ಕರ ನಡೆದಿಲ್ಲ. ಇಂಥ ಕಾರ್ಖಾನೆ ಬೇರೆ ಎಲ್ಲಾದರೂ ಇದ್ದರೆ ತೋರಿಸಿ ಎಂದು ಅವರು ಕೇಳಿದರು.

ಊರಿನವರನ್ನೆಲ್ಲ ಕಾರ್ಮಿಕರೆಂದು ನೇಮಿಸಲಾಯಿತು, ಅಳಿಯನನ್ನು ಮುಖ್ಯ ಎಂಜಿನಿಯರ್ ಎಂದು. ಬೆಳಿಗ್ಗೆ ಸೈರನ್ ಕೂಗಿದರೆ ಗೇಟಿನೊಳಗೆ ಹೋಗಿ ಕ್ಯಾನ್ವಾಸಿನ ಕೆಳಗೆ ಕೂರಬೇಕು, ಸಂಜೆ ಕೂಗಿದರೆ ಎದ್ದು ಬರಬೇಕು. ಹುಟ್ಟಿದಾಗಿನಿಂದ ಅಗೆದು ಹೊತ್ತು ಬೆಳೆದ ಜನಕ್ಕೆ ಸುಮ್ಮನೆ ಕೂರುವುದು ಸುಲಭವಾಗಿರಲಿಲ್ಲ. ಮೊದಲ ದಿನಗಳಲ್ಲಿ ಸೊಂಟ ಹಿಡಿದುಕೊಂಡವರೇ ಹೆಚ್ಚು. 'ಓಡುತ್ತಿರುವ ಯಂತ್ರಗಳನ್ನು ಯಾರೂ ಮುಟ್ಟಬಾರದು' ಎಂಬ ಬೋರ್ಡು ಹಾಕಿದ್ದರು. ಅಷ್ಟು ಚಾಚೂ ತಪ್ಪದೆ ಪಾಲನೆಯಾದ ನಿಯಮ ಆ ಇಲಾಖೆಯ ಚರಿತ್ರೆಯಲ್ಲೇ ಇನ್ನೊಂದಿಲ್ಲ.

ದೊಡ್ಡಮ್ಮನನ್ನು ನೆಲ ವಿಭಾಗಕ್ಕೆ ಹಾಕಿದರು. ಎಂದರೆ ಗುಡಿಸುವ ಕೆಲಸ. ಎಷ್ಟೋ ವರ್ಷಗಳ ಮೇಲೆ ಅವಳು ತನ್ನ ಹೊಲದೊಳಗೆ ಕಾಲಿಟ್ಟದ್ದು ಹೀಗೆ, ಕೈಯಲ್ಲಿ ಕಸಬರಿಕೆ ಹಿಡಿದು. ಹೆಬ್ಬೆರಳಿನಿಂದ ಮಣ್ಣು ಕೆದಕಿ ನೋಡಿದಳು. ಬಿಸಿಲು ಕಾಣದ ಮಣ್ಣು ಬೂದಿಯ ಹಾಗೆ ಹಗುರವಾಗಿತ್ತು, ಒಂದು ಎರೆಹುಳವೂ ಇರಲಿಲ್ಲ. ಅವಳಿಗೆ ತಡೆಯಲಾರದಷ್ಟು ಅಳು ಬಂತು. ನೆಲ ವಿಭಾಗದಲ್ಲಿ ನೀರು ಚೆಲ್ಲುವುದು ನಿಷಿದ್ಧ ಎಂದು ಯಾರೋ ನೆನಪಿಸಿದರು.

ಅಂದು ಸಂಜೆ ಅವಳು ಅಳಿಯನ ಮನೆಗೆ ಹೋಗಿ, ಗೋಡೆ ಇರಲಿ, ಚಿಮಣಿ ಇರಲಿ, ಛಾವಣಿ ಒಂದನ್ನು ತೆಗೆದುಬಿಡಿ ಎಂದು ಕೇಳಿಕೊಂಡಳು. ಅಳಿಯ ಉರಿದುಬಿದ್ದ. ಇಡೀ ಕಾರ್ಖಾನೆಯಲ್ಲಿ ಸರ್ಕಾರ ವಿಮಾನದಲ್ಲಿ ಬಂದು ಮೆಚ್ಚಿದ್ದು ಅದೊಂದನ್ನೇ ಎಂದ. ಮಗಳು ಗಂಡನ ಪರವೂ ಆಡದೆ ತಾಯಿಯ ಪರವೂ ಆಡದೆ ಪಾತ್ರೆ ಸದ್ದು ಮಾಡಿದಳು.

ಉಪಾಯ ಹೊಳೆದದ್ದು ಮಾರನೆಯ ದಿನ, ಊರಿನ ಶಾಲೆಯ ಮುಂದೆ ಹಾದುಹೋಗುವಾಗ. ಆ ಶಾಲೆಯ ಹೆಂಚನ್ನು ದುರಸ್ತಿಗೆಂದು ಇಳಿಸಿದಾಗ ದೊಡ್ಡಮ್ಮ ಒಂದನೇ ಕ್ಲಾಸು. ಅವಳ ಮಗಳು ಓದಿದ್ದೂ ಅದೇ ಆಕಾಶದ ಕೆಳಗೆ, ಈಗ ಮೊಮ್ಮಗಳೂ ಅಲ್ಲೇ ಮಗ್ಗಿ ಹೇಳುತ್ತಿದ್ದಳು. ಇಷ್ಟು ವರ್ಷದಲ್ಲಿ ಒಬ್ಬ ಇನ್‌ಸ್ಪೆಕ್ಟರಾದರೂ ಛಾವಣಿ ಎಲ್ಲಿ ಎಂದು ಕೇಳಿದ್ದಿಲ್ಲ. ಎಲ್ಲರಿಗೂ ಗೊತ್ತಿತ್ತು, ಅದು ದುರಸ್ತಿಯಲ್ಲಿದೆ.

ಅವಳು ನೆಟ್ಟಗೆ, ಕಾರ್ಖಾನೆಯ ಮ್ಯಾನೇಜರರ ಮೇಜಿನ ಹಿಂದೆ ಬೀಡುಬಿಟ್ಟಿದ್ದ ಸಾಹೇಬರ ಹತ್ತಿರ ಹೋದಳು.

"ಛಾವಣಿ ಸೋರ್ತಾ ಇದೆ, ಸಾಹೇಬ್ರೇ."

"ಮಳೆ ಎಲ್ಲಿದೆ, ಅಮ್ಮಾ?"

"ಬಂದ್ರೆ ಸೋರುತ್ತೆ. ದುರಸ್ತಿ ಆಗ್ಬೇಕು."

ದುರಸ್ತಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸಾಹೇಬರ ಮುಖ ಅರಳಿತು. ಕೈಗಾರಿಕೆ ಅವರಿಗೆ ಹೊಸದು, ದುರಸ್ತಿ ಹೊಸದಲ್ಲ. ಕುರಿ ಇಲಾಖೆಯಲ್ಲಿ ಅವರ ಸೇವಾವಧಿ ಪೂರ್ತಿ ಕೊಟ್ಟಿಗೆ ದುರಸ್ತಿಯಲ್ಲಿತ್ತು, ಕುರಿಗಳು ಅವರ ವರಾಂಡದಲ್ಲಿದ್ದವು. ಆಗಿಂದಾಗಲೇ ಆದೇಶ ಹೊರಟಿತು: 'ಛಾವಣಿಯನ್ನು ದುರಸ್ತಿಗಾಗಿ ಇಳಿಸತಕ್ಕದ್ದು. ಸಾಮಗ್ರಿ ಬಂದ ಕೂಡಲೇ ದುರಸ್ತಿ ಮುಗಿಸತಕ್ಕದ್ದು. ದುರಸ್ತಿ ಮುಗಿದ ಕೂಡಲೇ ಸಾಮಗ್ರಿಗೆ ಬೇಡಿಕೆ ಸಲ್ಲಿಸತಕ್ಕದ್ದು.'

ಅಳಿಯನನ್ನು ಒಪ್ಪಿಸುವುದು ಉಳಿದಿತ್ತು. ದೊಡ್ಡಮ್ಮ ಅವನ ಎದುರು ಕೂತು, ಈಗಿನ ಛಾವಣಿ ಮೇಲಿನಿಂದ ಚೆಂದ, ಒಳಗೆ ಕೂತವರಿಗೆ ಬರೀ ಹೊಲಿಗೆ ಕಾಣುತ್ತೆ, ಕೆಳಗಿನಿಂದಲೂ ಚೆಂದ ಕಾಣುವ ಛಾವಣಿ ಮಾಡುವ ಗಂಡಸು ಈ ಸುತ್ತಿನಲ್ಲಿ ಯಾರಾದರೂ ಇದ್ದಾರಾ ಅಂತ ಸಾಹೇಬರು ಹುಡುಕುತ್ತಿದ್ದಾರೆ ಎಂದಳು. ಅಳಿಯ ತಲೆ ಎತ್ತಿ ತನ್ನ ಮನೆಯ ಸೂರು ನೋಡಿದ. ಆಮೇಲೆ ಪೆನ್ಸಿಲ್ ಎಲ್ಲಿ ಎಂದು ಹೆಂಡತಿಯನ್ನು ಕೇಳಿದ. ಆ ನಕ್ಷೆಯನ್ನು ಅವನು ಈಗಲೂ ಬರೆಯುತ್ತಿದ್ದಾನೆ.

ಕ್ಯಾನ್ವಾಸನ್ನು ಸುತ್ತಿ ಇಳಿಸಿದ ದಿನ ಬಿಸಿಲು ನಾಲ್ಕು ಗೋಡೆಯೊಳಗೆ ದಬದಬ ಬಿತ್ತು. ಕಾರ್ಮಿಕರು ಕಣ್ಣು ಕಿರಿದು ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಮ್ಮ ಮಂಚದ ಕೆಳಗಿನ ಚೀಲ ಹೊರಿಸಿಕೊಂಡು ಬಂದಳು. ನೆಲ ವಿಭಾಗದ ಕೆಲಸ ಹೆಚ್ಚಿರುವ ಕಾರಣ ಉಳಿದ ವಿಭಾಗದವರು ಕೈಜೋಡಿಸತಕ್ಕದ್ದು ಎಂದು ಸಾಹೇಬರು ಬೋರ್ಡು ಬರೆಸಿದರು. ಊರಿನ ಗೊಬ್ಬರವೆಲ್ಲ 'ಕಚ್ಚಾ ಸಾಮಗ್ರಿ' ಎಂಬ ಹೆಸರಿನಲ್ಲಿ ಗೇಟು ದಾಟಿತು. ಕೂತು ಕೂತು ಬೇಸತ್ತಿದ್ದ ಜನ ಹಸಿದವರ ಹಾಗೆ ಅಗೆದರು. ಗೋಡೆ ಇದ್ದದ್ದರಿಂದ ದನ ನುಗ್ಗಲಿಲ್ಲ, ಗಾಳಿ ಹೊಡೆಯಲಿಲ್ಲ. ಆಲೂಗಡ್ಡೆ ಗಿಡ ಮೊಣಕಾಲೆತ್ತರ ಬೆಳೆದು ಬಿಳಿ ಹೂ ಬಿಟ್ಟಿತು. ದೊಡ್ಡಮ್ಮನಿಗೆ ಊಟ ಸೇರತೊಡಗಿತು.

ಆಗ ರಾಜಧಾನಿಯಿಂದ ಹಿರಿಯ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಗಡ್ಡೆ ಇನ್ನೂ ಬಲಿತಿರಲಿಲ್ಲ. ಆಗಲೇ ಕಿತ್ತರೆ ತಳಿ ಹಾಳು, ಕೀಳದಿದ್ದರೆ ಎಲ್ಲರಿಗೂ ಜೈಲು. ಕೀಳೋಣ ಎಂದರು ಕೈಗಾರಿಕಾ ಸಾಹೇಬರು. ದೊಡ್ಡಮ್ಮ ಸಾಲಿನ ನಡುವೆ ಕಾಲು ಚಾಚಿ ಕೂತು, ನನ್ನನ್ನು ಮೊದಲು ಕಿತ್ತು ಆಮೇಲೆ ಗಿಡ ಕೀಳಿ ಎಂದಳು. ಅವಳನ್ನು ಕೀಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಿರಿಯ ಸಾಹೇಬರು ಗೇಟು ದಾಟಿ ಒಳಗೆ ಬಂದು ನಿಂತರು. ಎದುರಿಗೆ ಕಣ್ಣು ಹಾಯುವಷ್ಟು ದೂರ ಆಲೂಗಡ್ಡೆ ಹೂ. ಒಂದು ಚಿಟ್ಟೆ ಅವರ ಟೋಪಿಯ ಮೇಲೆ ಕೂತಿತು.

"ಏನಿದು?" ಎಂದರು.

"ಛಾವಣಿ ದುರಸ್ತೀಲಿದೆ, ಸ್ವಾಮಿ," ಎಂದಳು ದೊಡ್ಡಮ್ಮ, ಕೂತಲ್ಲಿಂದಲೇ.

ಹಿರಿಯ ಸಾಹೇಬರು ತಲೆ ಎತ್ತಿ ನೋಡಿದರು. ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಮೂವತ್ತು ವರ್ಷದ ಸೇವೆಯಲ್ಲಿ ಹೇಳಿದ್ದೂ ಕಂಡದ್ದೂ ಹೀಗೆ ತಾಳೆಯಾದದ್ದು ಅವರಿಗೆ ಇದೇ ಮೊದಲು.

"ಹೌದು, ದುರಸ್ತೀಲಿದೆ. ಯಾವಾಗ ಮುಗಿಯುತ್ತೆ?"

"ಈ ಸಲದ್ದು ಬಲಿತ ಮೇಲೆ ನೋಡ್ಬೇಕು."

ಅವಸರ ಮಾಡಬೇಡಿ, ದುರಸ್ತಿಯಲ್ಲಿ ಅವಸರ ಒಳ್ಳೆಯದಲ್ಲ ಎಂದು ಅವರು ಬುದ್ಧಿ ಹೇಳಿದರು. ಉತ್ಪಾದನೆ ಎಷ್ಟು ಟನ್ ಆಗಬಹುದು ಎಂದು ವಿಚಾರಿಸಿ, ಅಂದಾಜು ಕೇಳಿ ಹುಬ್ಬೇರಿಸಿದರು. ಏನು ಉತ್ಪಾದನೆ ಎಂದು ರಾಜಧಾನಿಯಲ್ಲಿ ಕೇಳುವ ಪದ್ಧತಿ ಇರಲಿಲ್ಲ, ಎಷ್ಟು ಟನ್ ಎಂದಷ್ಟೇ ಕೇಳುತ್ತಿದ್ದರು. ಬಲಿತ ಮೇಲೆ ಪರೀಕ್ಷೆಗೆಂದು ಎರಡು ಮೂಟೆ ಮನೆಗೆ ಕಳಿಸಿ ಎಂದರು. ಕಳಿಸಿದರು. ಪರೀಕ್ಷೆಯ ಫಲ ತೃಪ್ತಿಕರವಾಗಿದೆ, ಆದರೆ ಅತ್ತೆಮನೆಯವರೂ ಬಂದಿರುವ ಕಾರಣ ಇನ್ನೂ ಆಳವಾದ ಪರೀಕ್ಷೆ ಅಗತ್ಯವಿದೆ ಎಂದು ಉತ್ತರ ಬಂತು.

ಸುತ್ತಿನ ಹೊಲದವರಿಗೆ ಇದನ್ನು ಕಂಡು ಹೊಟ್ಟೆ ಉರಿಯಿತು. ಕೃಷಿ ಮುಗಿದುಹೋಗಿದೆ ಎಂದು ಸರ್ಕಾರ ಸಾರಿದ್ದರಿಂದ ಅವರಿಗೆ ಕಾಲುವೆಯ ನೀರಿಲ್ಲ, ಬೀಜವಿಲ್ಲ, ಕಚೇರಿಯಲ್ಲಿ ಕೂರಲು ಬೆಂಚೂ ಇಲ್ಲ. ಎಲ್ಲರೂ ಅಳಿಯನ ಮನೆ ಮುಂದೆ ಸಾಲು ನಿಂತರು. ಅಳಿಯನಿಗೆ ಪುರುಸೊತ್ತಿಲ್ಲ. ದೊಡ್ಡ ಹೊಲಕ್ಕೆ ದೊಡ್ಡ ಚಿಮಣಿ, ಸಣ್ಣ ಹೊಲಕ್ಕೆ ಸಣ್ಣ ಚಿಮಣಿ, ಒಬ್ಬ ವಿಧವೆಯ ಸೊಪ್ಪಿನ ಮಡಿಗೆ ಮೊಳದುದ್ದದ ಚಿಮಣಿ. ರೈಲಿನಲ್ಲಿ ಹೋಗುವವರಿಗೆ ದಾರಿಯುದ್ದಕ್ಕೂ ಗೇಟು, ಗೋಡೆ, ಚಿಮಣಿಗಳು ಕಾಣತೊಡಗಿದವು. ಒಂದಕ್ಕೂ ಛಾವಣಿ ಇರಲಿಲ್ಲ, ಎಲ್ಲವೂ ದುರಸ್ತಿಯಲ್ಲಿದ್ದವು. ರಾಜ್ಯದಲ್ಲಿ ಒಬ್ಬ ರೈತನೂ ಉಳಿದಿಲ್ಲ ಎಂದು ಹೆಮ್ಮೆಯಿಂದ ಪ್ರಕಟವಾದ ವರ್ಷವೇ ಉಗ್ರಾಣಗಳು ಬಿರಿಯುವಷ್ಟು ಬೆಳೆ ಬಂತು. ಕೈಗಾರಿಕೆ ಬೆಳೆದರೆ ಅನ್ನ ತಾನಾಗಿಯೇ ಬರುತ್ತದೆ ಎಂದು ರಾಜಧಾನಿಯ ಪಂಡಿತರು ಬರೆದರು.

ಪ್ರಗತಿಗಾಗಿ ಮೊದಲು ಹೊಲ ಕಳೆದುಕೊಂಡವಳು ದೊಡ್ಡಮ್ಮ ಎಂಬುದು ಆಮೇಲೆ ಸರ್ಕಾರದ ಗಮನಕ್ಕೆ ಬಂದು, ಅವಳ ಗೌರವಾರ್ಥ ಕಾರ್ಖಾನೆಯ ಒಳಗೆ ಒಂದು ಸ್ಮಾರಕದ ಕಲ್ಲು ನೆಡಲು ನಿಶ್ಚಯವಾಯಿತು. ಹಿರಿಯ ಸಾಹೇಬರೇ ಬಂದರು. ಆಲೂಗಡ್ಡೆ ಸಾಲುಗಳ ನಡುವೆ ಕುರ್ಚಿ ಹಾಕಿದ್ದರು. ಗಿಡ ತುಳಿಯದಂತೆ ಎಲ್ಲರೂ ಕಾಲು ಎತ್ತಿ ಎತ್ತಿ ಇಟ್ಟು ಬಂದು ಕೂತರು. ಪರದೆ ಸರಿಸಿದರೆ ಕಲ್ಲಿನ ಮೇಲೆ 'ಇಲ್ಲಿ ಹಿಂದೆ ಒಂದು ಹೊಲವಿತ್ತು' ಎಂದು ಕೆತ್ತಿತ್ತು.

ಹಿರಿಯ ಸಾಹೇಬರು ಬಹಳ ಚೆನ್ನಾಗಿ ಮಾತಾಡಿದರು. ಈ ತಾಯಿ ಇದೇ ನೆಲದಲ್ಲಿ ಬಿತ್ತುತ್ತಿದ್ದಳು, ಇದೇ ನೆಲದಲ್ಲಿ ಬೆಳೆಯುತ್ತಿದ್ದಳು, ಇಂದು ಆ ಹಸಿರು ಎಲ್ಲಿ, ಆ ಮಣ್ಣಿನ ವಾಸನೆ ಎಲ್ಲಿ ಎಂದು ಅವರು ಕೇಳಿದಾಗ, ಮೊಣಕಾಲವರೆಗೆ ಎಲೆಯಲ್ಲಿ ಮುಳುಗಿ ಕೂತಿದ್ದ ಸಭೆ ತಲೆ ತಗ್ಗಿಸಿತು. ಅಳಿಯ ಕಣ್ಣೊರೆಸಿಕೊಂಡ. ದೊಡ್ಡಮ್ಮನಿಗೂ ತನ್ನ ಹೊಲ ಹೋಯಿತಲ್ಲ ಎಂದು ನಿಜವಾಗಿಯೇ ಸಂಕಟವಾಗಿ ಗಳಗಳ ಅತ್ತುಬಿಟ್ಟಳು. ಅತ್ತು ಸಮಾಧಾನ ಆದ ಮೇಲೆ, ಏನಾದರೂ ಬೇಕೇನಮ್ಮಾ ಎಂದು ಸಾಹೇಬರು ಕೇಳಿದರು.

"ಕಲ್ಲು ಸಾಲಿನ ಮೇಲೇ ಬಂದಿದೆ, ಸ್ವಾಮಿ. ಒಂದು ಮಾರು ಆಚೆ ಹಾಕ್ಸಿದ್ರೆ ಮಣ್ಣು ಏರಿಸೋಕೆ ಸಲೀಸು."

ನ್ಯಾಯವಾದ ಬೇಡಿಕೆ ಎಂದು ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ಸೈರನ್ ಕೂಗಿತು. ನಾಲ್ಕು ಜನ ಸೇರಿ ಕಲ್ಲನ್ನು ಬದುವಿಗೆ ಸರಿಸಿದರು, ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿಗೆ ಇಳಿದಳು, ಮತ್ತು ಹಿರಿಯ ಸಾಹೇಬರು ಕಾಲು ಎತ್ತಿ ಎತ್ತಿ ಇಡುತ್ತ ಗೇಟಿನ ಕಡೆ ಹೊರಟರು.