ಮಾವನ ಗದ್ದೆಯಲ್ಲಿ ನನ್ನ ಜೀಪು

ಡಾಂಬರು ರಸ್ತೆಯ ಮೇಲೆ ಎಮ್ಮೆ ಕೂಡ ನಡೆಯುತ್ತದೆ. ರಸ್ತೆಯೇ ಇಲ್ಲದ ಕಡೆ ಗಾಡಿ ಓಡಿಸುವವನೇ ನಿಜವಾದ ಡ್ರೈವರ್!

ಹೀಗೆಂದು ನಾನು ಸಂಕ್ರಾಂತಿ ಮುಗಿದ ವಾರ, ಹೊಸಪೇಟೆಯ ನಮ್ಮ ರೈಸ್ ಮಿಲ್ಲಿನ ಅಂಗಳದಲ್ಲಿ, ಜೀಪಿನ ಬಂಪರ್ ಮೇಲೆ ಒಂದು ಕಾಲಿಟ್ಟು ಘೋಷಿಸಿದೆ. ಕೇಳುವವರು ಮೂವರಿದ್ದರು. ಒಬ್ಬ ಹಾಲಸ್ವಾಮಿ, ಬಸ್‌ಸ್ಟ್ಯಾಂಡ್ ಹತ್ತಿರ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವನು. ನನ್ನ ಜೀಪಿನ ಅರ್ಧ ಭಾಗ ಅವನ ಅಂಗಡಿಯಿಂದಲೇ ಬಂದದ್ದು. ಇನ್ನೊಬ್ಬ ಎರ್ರಿಯಪ್ಪ, ಸಂಡೂರಿನ ಕಡೆ ಗಣಿಯೊಂದರಲ್ಲಿ ಫೋರ್‌ಮನ್. ಮೂರನೆಯವಳು ನನ್ನ ಹೆಂಡತಿ ಚೆನ್ನಬಸಮ್ಮ. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗೆಳೆಯರಿಬ್ಬರೂ ಚಪ್ಪಾಳೆ ತಟ್ಟಿದರು. ಅವಳು ಒಂದು ಕಲ್ಲು ಆರಿಸಿ ಎಸೆದಳು. ಅಕ್ಕಿಯೊಳಗಿನ ಕಲ್ಲೇ ಅದು, ಆದರೂ ಬಂದು ಬಿದ್ದದ್ದು ನನ್ನ ಕಾಲ ಬುಡಕ್ಕೆ!

ಜೀಪಿನ ಬಗ್ಗೆ ಒಂದು ಮಾತು ಹೇಳಬೇಕು. ಮಿಲಿಟರಿಯವರು ಸಾಕಪ್ಪಾ ಸಾಕು ಎಂದು ಹರಾಜು ಹಾಕಿದ ಗಾಡಿ ಅದು. ನಾಲ್ಕೂ ಗಾಲಿಗೆ ಶಕ್ತಿ! ನಮ್ಮೂರಿನ ಕಾಲುವೆಗಳಲ್ಲಿ ನೀರಿನ ಜೊತೆ ದುಡ್ಡೂ ಹರಿಯುತ್ತಿದ್ದ ಕಾಲ. ಒಬ್ಬರು ಮನೆಯ ಮೇಲೆ ಮನೆ ಎತ್ತಿಸಿದರು, ಇನ್ನೊಬ್ಬರು ಟಿ.ವಿ. ತಂದು ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿದರು. ನಾನು ಯುದ್ಧ ಕಂಡ ಜೀಪು ತಂದೆ. ಆ ಯುದ್ಧದಲ್ಲಿ ಅದು ಯಾವ ಕಡೆಗಿತ್ತು ಎಂಬ ಅನುಮಾನ ಚೆನ್ನಬಸಮ್ಮನಿಗೆ ಇವತ್ತಿಗೂ ಇದೆ.

"ಪೆಟ್ರೋಲ್ ಕುಡಿಯೋದ್ರಾಗ ಎಮ್ಮಿ, ಹಿಂಡಾಕ ಹೋದ್ರ ಏನೂ ಇಲ್ಲ" ಎನ್ನುತ್ತಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು, ಇಲ್ಲವೆನ್ನಲಾರೆ. ಜೀಪು ಹೋಗುವಾಗ ಒಂಟಿಯಾಗಿ ಹೋದರೂ ಬರುವಾಗ ಯಾವಾಗಲೂ ಜೊತೆಗಾರರ ಹಿಂದೆ ಬರುತ್ತಿತ್ತು. ಕಮಲಾಪುರದ ಕೆರೆಯ ಹತ್ತಿರದಿಂದ ಒಮ್ಮೆ ಎತ್ತುಗಳು ಎಳೆದು ತಂದಿದ್ದವು. ಗಾದಿಗನೂರಿನಿಂದ ಒಮ್ಮೆ ಅದಿರಿನ ಲಾರಿ. ಇನ್ನೊಮ್ಮೆಯಂತೂ ಮದುವೆ ದಿಬ್ಬಣದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಬ್ಯಾಂಡ್ ಸಮೇತ ಮನೆ ಮುಟ್ಟಿದ್ದೆ. ದಾರಿಯ ಜನ ನಾನೇ ಮದುಮಗ ಎಂದುಕೊಂಡು ಅಕ್ಷತೆ ಹಾಕಿದರು. ಅದನ್ನು ಚೆನ್ನಬಸಮ್ಮ ಬಾಗಿಲಲ್ಲಿ ನಿಂತು ನೋಡಿದಳು!

"ಈ ಸಲ ಹಂಗಾಗಲ್ಲ" ಎಂದೆ. "ಶನಿವಾರ ಸಂಡೂರಿನ ಗುಡ್ಡ. ಹಳೇ ಅದಿರಿನ ದಾರಿಗಳು ಎಲ್ಲಾ ಎರ್ರಿಯಪ್ಪಗ ಗೊತ್ತು. ರಾತ್ರಿ ಅವನ ಕ್ವಾರ್ಟರ್ಸ್‌ನ್ಯಾಗ ಮಕ್ಕೊಂಡು ಆದಿತ್ಯವಾರ ವಾಪಸ್. ನನ್ನ ಟಯರಿಗೆ ಡಾಂಬರು ತಾಗಿದ್ರ ಮೀಸಿ ಬೋಳಿಸ್ತೀನಿ!"

ಚೆನ್ನಬಸಮ್ಮ ಮೊರ ಕೆಳಗಿಟ್ಟಳು. ಅವಳು ಮೊರ ಕೆಳಗಿಟ್ಟರೆ ತೀರ್ಪು ಬರುತ್ತದೆ ಎಂದೇ ಅರ್ಥ.

"ಆದಿತ್ಯವಾರ ಬುಕ್ಕಸಾಗರದಾಗ ಅಪ್ಪನ ಗದ್ದಿ ನಾಟಿ ಐತಿ, ನಾ ಅಲ್ಲಿ ಹೋಗ್ತೀನಿ. ನೀವು ಗುಡ್ಡಕ್ಕರ ಹೋಗ್ರಿ, ಗವಿಗರ ಹೋಗ್ರಿ. ಒಂದs ಮಾತು. ಜೀಪು ತನ್ನ ಗಾಲಿ ಮ್ಯಾಲ ತಾನs ಮನಿಗೆ ಬರಬೇಕು. ಎತ್ತು, ಲಾರಿ, ಟ್ರ್ಯಾಕ್ಟರ್, ಯಾವುದರ ಎಳೀತೋ, ಮರುದಿನ ನಾನs ನಿಂತು ಮಾರಿಬಿಡ್ತೀನಿ. ಒಪ್ಪಿಗಿ ಏನ್ರಿ?"

"ಒಪ್ಪಿಗಿ!"

"ಅಣ್ಣಾರ, ನೀವಿಬ್ರೂ ಸಾಕ್ಷಿ."

ಸಾಕ್ಷಿಗಳು ನನ್ನ ಮುಖವನ್ನೂ ನೋಡಲಿಲ್ಲ, ಜೀಪಿನ ಮುಖವನ್ನೂ ನೋಡಲಿಲ್ಲ.

ಶನಿವಾರ ಬೆಳಗಿನ ಚಳಿಗೆ ಮಂಕಿ ಕ್ಯಾಪ್, ಅದರ ಮೇಲೆ ಕಪ್ಪು ಕನ್ನಡಕ, ನನ್ನ ಮದುವೆಯ ಕೋಟು. ದಂಡಯಾತ್ರೆ ಹೊರಟಿತು! ಸಂಡೂರಿನ ಗುಡ್ಡಗಳಲ್ಲಿ ಆ ದಿನ ನಾನು ಮಾಡಿದ ಸಾಹಸಗಳನ್ನು ಹೇಳಿದರೆ ನೀವು ನಂಬುವುದಿಲ್ಲ. ನನಗೂ ನಂಬಿಕೆಯಿಲ್ಲ, ಏಕೆಂದರೆ ಕಡಿದಾದ ಕಡೆಯಲ್ಲೆಲ್ಲ ನಾನು ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿ ಕೂತ ಎರ್ರಿಯಪ್ಪ "ಎಡಕ್ಕ! ಬಲಕ್ಕ! ಶಿವನs!" ಎಂದು ದಾರಿ ಹೇಳುತ್ತಿದ್ದ. ಮೂರನೆಯದು ಯಾವ ದಿಕ್ಕೆಂದು ಕೇಳಲು ಪುರಸೊತ್ತಿರಲಿಲ್ಲ. ಹಿಂದೆ ಕೂತ ಹಾಲಸ್ವಾಮಿ ಉದುರಿದ ಸಾಮಾನುಗಳನ್ನೆಲ್ಲ ಇಳಿದು ಆರಿಸಿ ತರುತ್ತಿದ್ದ.

"ಲೇ ಕೊಟ್ರ್ಯಾ, ಇದು ನಮ್ಮ ಅಂಗಡೀದಲ್ಲ, ಒರಿಜಿನಲ್ಲು! ಇದೂ ಬಿತ್ತಲ್ಲೋ!" ಎಂದು ಹಿಂದಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದ.

ಒಂದು ಏರಿನಲ್ಲಿ ಜೀಪು ಮುಂದಕ್ಕೆ ಹತ್ತಲಾರೆ ಎಂದು ಹಟ ಹಿಡಿಯಿತು. ರಿವರ್ಸ್ ಗೇರಿನಲ್ಲಿ ಬಲ ಹೆಚ್ಚು ಎಂಬ ಸತ್ಯ ನನಗೆ ಹೊಳೆಯಿತು. ಗುಡ್ಡದ ನೆತ್ತಿಯನ್ನು ಬೆನ್ನು ಮುಂದಾಗಿ ಗೆದ್ದ ಮೊದಲ ವೀರ ನಾನೇ ಇರಬೇಕು! ಸಂಜೆ ಕ್ವಾರ್ಟರ್ಸ್ ಮುಟ್ಟಿದಾಗ ಕೆಂಪು ಧೂಳಿನಲ್ಲಿ ನಾವು ಮೂವರೂ ಒಂದೇ ತಾಯಿಯ ಮಕ್ಕಳಂತಿದ್ದೆವು. ಎರ್ರಿಯಪ್ಪನ ಹೆಂಡತಿ ಹಾಲಸ್ವಾಮಿಯನ್ನೇ ಗಂಡನೆಂದುಕೊಂಡು ಅವನ ಕೈಗೆ ಟವೆಲ್ಲು ಕೊಟ್ಟು "ಜಳಕ ಮಾಡ್ರಿ, ನಿಮ್ಮ ಗೆಳ್ಯಾರಿಗೂ ಹೇಳ್ರಿ" ಎಂದಳು. ಆದರೆ ಜೀಪು ಯಾರ ಕೈಲೂ ಎಳೆಸಿಕೊಂಡಿರಲಿಲ್ಲ. ಅದು ಮುಖ್ಯ!

ಭಾನುವಾರವೂ ಹಾಗೆಯೇ, ದಾರಿ ಹೇಳಲು ಎರ್ರಿಯಪ್ಪನೂ ಜೊತೆಗೆ ಬಂದ. ಬಂಡಿಜಾಡು, ಕುರಿಹಾದಿ, ಕಾಲುವೆ ಏರಿ ಹಿಡಿದು ಹೊಸಪೇಟೆ ಮುಟ್ಟಿದೆವು. ದೂರದಲ್ಲಿ ನಮ್ಮ ಮಿಲ್ಲಿನ ಚಿಮಣಿ ಕಾಣುತ್ತಿತ್ತು. ಸ್ಟೇರಿಂಗ್ ಒಂದು ಸಲ ಎಡಕ್ಕೆ ತಿರುಗಿಸಿದ್ದರೆ ಮನೆ, ಗೆಲುವು, ಬಿಸಿನೀರು! ನಾನು ತಿರುಗಿಸಲಿಲ್ಲ. ಮನೆಗೆ ಬೀಗ. ಬೀಗದ ಎದುರು ಗೆದ್ದರೆ ಅದೂ ಒಂದು ಗೆಲುವೇ?

"ಬುಕ್ಕಸಾಗರಕ್ಕ ಹೋಗೂಣು" ಎಂದೆ.

"ಬ್ಯಾಡಲೇ, ಮನಿ ಇಲ್ಲೇ ಐತಿ" ಎಂದ ಹಾಲಸ್ವಾಮಿ.

"ನಮ್ಮ ಮಾವ ನೋಡಬೇಕಲೇ!"

ಮಾವ ದೊಡ್ಡಬಸಪ್ಪನವರು ಬುಕ್ಕಸಾಗರದಲ್ಲಿ ಹೆಸರಾದ ರೈತರು. ನನ್ನ ಮೇಲೆ ಅವರಿಗೆ ಪ್ರೀತಿಯಿತ್ತು, ಗೌರವ ಅಷ್ಟಿರಲಿಲ್ಲ. "ನಮ್ಮ ಅಳಿಯಂದ್ರು ನೆಲ್ಲು ನೋಡಿದ್ದು ಚೀಲದಾಗ ಅಷ್ಟ" ಎಂದು ಬೀಗರ ಮುಂದೆ ನಗುತ್ತಿದ್ದರು. ಮಾತು ಸುಳ್ಳಲ್ಲ. ಅಕ್ಕಿ ಮಿಲ್ಲಿನ ಮಾಲೀಕನಾದರೂ ಭತ್ತ ಗೋಣಿಚೀಲದೊಳಗೇ ಹುಟ್ಟುತ್ತದೆ ಎಂಬಂತೆ ಬದುಕಿದವನು ನಾನು. ಆ ನಗು ನನ್ನನ್ನು ವರ್ಷಗಟ್ಟಲೆ ಚುಚ್ಚಿತ್ತು. ಇವತ್ತು ಬಾಯಿ ಮುಚ್ಚಿಸಬೇಕು!

ಗದ್ದೆ ಮುಟ್ಟಿದಾಗ ಬಿಸಿಲು ಏರಿತ್ತು. ಬದುವಿನಾಚೆ ನೀರು ನಿಂತ ದೊಡ್ಡ ಮಡಿ ಫಳಫಳ ಹೊಳೆಯುತ್ತಿತ್ತು. ಅದರ ಆ ತುದಿಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಹಾಡುತ್ತಾ ನಾಟಿ ಹಚ್ಚುತ್ತಿದ್ದರು. ಅವರ ಮುಂದಾಳು ದ್ಯಾಮಕ್ಕ. ಅಲ್ಲೇ ಬೇವಿನ ಮರದಡಿ ಚೆನ್ನಬಸಮ್ಮ ಬುತ್ತಿ ಬಿಚ್ಚುತ್ತಿದ್ದಳು, ಮಾವ ನಿಂತಿದ್ದರು. ಸುತ್ತು ಹಾಕಿ ಹೋಗಲು ಬಂಡಿದಾರಿ ಇತ್ತು. ದಾರಿಯಲ್ಲಿ ಹೋಗಲು ನಾನೇನು ಬಂಡಿಯೇ?

"ಮಾವಾರ! ಇಲ್ಲಿ ನೀರು ಎಷ್ಟು ಆಳ ಐತ್ರಿ?" ಎಂದು ಕೂಗಿದೆ.

"ನಾಕ ಬೆರಳು ಅಳಿಯಂದ್ರ! ಆದ್ರ..."

ನಾಲ್ಕು ಬೆರಳು! ಸಂಡೂರಿನ ಗುಡ್ಡವನ್ನು ಹಿಂಬದಿಯಿಂದ ಹತ್ತಿದವನಿಗೆ ನಾಲ್ಕು ಬೆರಳು ನೀರು! ಮಾವ ಇನ್ನೂ ಏನೋ ಹೇಳುತ್ತಿದ್ದರು, ನಾನು ಗೇರ್ ಹಾಕಿಯಾಗಿತ್ತು. ಜೀಪು ಬದು ಇಳಿಯಿತು. ನೀರು ಎರಡೂ ಕಡೆ ರೆಕ್ಕೆಯಂತೆ ಚಿಮ್ಮಿತು. ನಾನು ಒಂದು ಕೈ ಎತ್ತಿ ಹೆಂಡತಿಯ ಕಡೆ ಬೀಸಿದೆ. ಮಡಿಯ ನಟ್ಟನಡುವೆ ಬರುವ ಹೊತ್ತಿಗೆ ಹೆಂಡತಿ ಮೆಲ್ಲಗೆ ಎತ್ತರವಾಗುತ್ತಿರುವಂತೆ ಕಂಡಳು. ಇವಳು ಯಾಕೆ ಬೆಳೆಯುತ್ತಿದ್ದಾಳೆ ಎಂದು ಆಶ್ಚರ್ಯಪಟ್ಟೆ. ಆಮೇಲೆ ತಿಳಿಯಿತು, ಇಳಿಯುತ್ತಿರುವವನು ನಾನು!

ಆಕ್ಸಿಲರೇಟರ್ ಒತ್ತಿದೆ. ಗಾಲಿ ತಿರುಗಿದವು, ಜೀಪು ಇನ್ನೂ ಕೆಳಗೆ ಹೋಯಿತು. ಕೆಸರು ಹಾರಿ ದ್ಯಾಮಕ್ಕನ ಹಾಡು ಅರ್ಧಕ್ಕೇ ನಿಂತಿತು.

"ನಾಕ ಬೆರಳು ಅಂದ್ರೆಲ್ರಿ ಮಾವಾರ!"

"ನೀವು ನೀರು ಕೇಳಿದ್ರಿ, ನೀರು ಹೇಳಿದೆ. ಕೆಸರು ಎಷ್ಟಂತ ಕೇಳಲೇ ಇಲ್ಲ. ನಿನ್ನೆನs ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಹಾಕಿಸಿ, ಬೆಣ್ಣಿ ಆದಂಗ ಹೊಡಿಸೀನಿ. ನಾಟಿಗೆ ಮಡಿ ಅಂದ್ರ ಹಂಗs ಇರಬೇಕ್ರಿ."

ಮಾವ ಒಳ್ಳೆಯವರು. ಅಷ್ಟಾದರೂ ನಗಲಿಲ್ಲ. "ಚಿಂತಿ ಬ್ಯಾಡ. ಎತ್ತು ಕಟ್ಟಿ ಎಳಸ್ತೀನಿ. ಒಂದು ಗಳಿಗಿ ಕೆಲಸ" ಎಂದರು.

ನಾನು ಬೇವಿನ ಮರದ ಕಡೆ ನೋಡಿದೆ. ಚೆನ್ನಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದಳು. ಮುಖದಲ್ಲಿ ದೀಪಾವಳಿ!

"ಎಳಸಪ್ಪಾ, ಜಲ್ದಿ ಎಳಸು! ಗಟ್ಟಿ ಹಗ್ಗ ನಾನs ತರ್ತೀನಿ!"

"ಬ್ಯಾಡ!" ಎಂದು ಅರಚಿದೆ. "ಯಾರೂ ಎಳೀಬ್ಯಾಡ್ರಿ! ಅದು ತಾನಾಗೇ ಬರ್ತೈತಿ!"

ಅದು ತಾನಾಗಿ ಬರಲಿಲ್ಲ. ಗಾಲಿಯ ಕೆಳಗೆ ಕಲ್ಲು ಹಾಕಿದೆವು, ಕೆಸರು ನುಂಗಿತು. ಹುಲ್ಲು ಹಾಕಿದೆವು, ನುಂಗಿತು. ಗೋಣಿಚೀಲ ಹಾಕಿದೆವು, ಅದನ್ನೂ ನುಂಗಿ ಹಾಲಸ್ವಾಮಿಯ ಚಪ್ಪಲಿ ಕೇಳಿತು. ಗೆಳೆಯರು ಹಿಂದಿನಿಂದ ತಳ್ಳಿದಾಗ ಗಾಲಿಗಳು ಅವರಿಗೆ ತಲೆಯಿಂದ ಕಾಲಿನವರೆಗೆ ಗಿಲಾವು ಮಾಡಿದವು. ನಿನ್ನೆ ಕೆಂಪಗಿದ್ದವರು ಇವತ್ತು ಕಪ್ಪಗಾದರು. ಇಬ್ಬರೂ ಬೇವಿನ ಮರದ ಕಡೆ ನಡೆದು ನನ್ನ ಪಾಲಿನ ರೊಟ್ಟಿಗೆ ಕೈ ಹಾಕಿದರು.

ದ್ಯಾಮಕ್ಕ ಸೊಂಟಕ್ಕೆ ಕೈಯಿಟ್ಟಳು. "ಯಜಮಾನ್ರ, ಕಿತ್ತ ಸಸಿ ಬಾಡಾಕ ಹತ್ತ್ಯಾವು. ನಾಳೆ ನಾವು ಬ್ಯಾರೆ ಕಡಿ ಮಾತು ಕೊಟ್ಟೀವಿ. ಇವರ ಆಟ ಮುಗಿಯೂದು ಯಾವಾಗ್ರಿ?"

ಮಾವ ನನ್ನ ಕಡೆ ತಿರುಗಿದರು. "ಅಳಿಯಂದ್ರ, ಕಡೀ ಸಲ ಕೇಳ್ತೀನಿ. ನಾಟಿ ಆದ ಮ್ಯಾಲ ಗದ್ದಿಗೆ ಎತ್ತು ಇಳಿಸಾಂಗಿಲ್ಲ. ಎಳಸ್ಲೋ, ಬ್ಯಾಡೋ?"

ಹೌದೆಂದರೆ ಜೀಪು ಮಾರಾಟ. ಇಲ್ಲವೆಂದರೆ ಜೀಪು ನನ್ನದೇ. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಬ್ಯಾಡ್ರಿ!"

"ಆತು. ದ್ಯಾಮಕ್ಕ, ನಡೀಲಿ."

ನಾಟಿಯ ಸಾಲು ಜೀಪಿನ ಕಡೆ ಬಂತು. ಬಂಪರ್ ಹತ್ತಿರ ಎರಡಾಗಿ ಒಡೆಯಿತು, ಜೀಪಿನ ಎರಡೂ ಮಗ್ಗುಲಿಗೆ ಹಚ್ಚುತ್ತಾ ಹೋಗಿ, ಹಿಂದೆ ಮತ್ತೆ ಕೂಡಿಕೊಂಡಿತು. ದ್ಯಾಮಕ್ಕ ಬಗ್ಗಿ ಮೆಟ್ಟಿಲಿನ ಬುಡಕ್ಕೂ ಒಂದು ಹಿಡಿ ಸಸಿ ಚುಚ್ಚಿದಳು.

"ಇಷ್ಟು ಜಾಗ ಸುಮ್ನ ಯಾಕ ಹಾಳಾಗ್ಬೇಕ್ರಿ?"

ನಾನು ಇನ್ನೂ ಒಳಗೇ ಕೂತಿದ್ದೆ! ಸುತ್ತಲೂ ಎಳೆ ಹಸಿರು. ಕಾಲು ಹೊರಗಿಟ್ಟರೆ ಎಲ್ಲರೂ ಒಟ್ಟಿಗೇ "ಸಸಿ ತುಳೀಬ್ಯಾಡ್ರಿ!" ಎಂದು ಕೂಗಿದರು. ಕೊನೆಗೆ ದ್ಯಾಮಕ್ಕ ಎಲ್ಲಿ ಕಾಲಿಡಬೇಕೆಂದು ಬೊಟ್ಟು ಮಾಡಿ ತೋರಿಸಿದಳು. ಪ್ಯಾಂಟು ಮೊಣಕಾಲಿನ ಮೇಲೆ ಮಡಚಿ, ಕೋಟು ಎತ್ತಿ ಹಿಡಿದು, ಮದುಮಗಳ ಹೆಜ್ಜೆಯಿಡುತ್ತಾ ಹೊರಬಂದೆ. ಮನೆಗೆ ಹೋದದ್ದು ಕಂಪ್ಲಿಯಿಂದ ಬಂದ ಬಸ್ಸಿನಲ್ಲಿ. ಪೂರ್ತಿ ಡಾಂಬರು ರಸ್ತೆ! ಸೀಟು ಖಾಲಿಯಿದ್ದರೂ ಕಂಡಕ್ಟರ್ ಕೂಡಲು ಬಿಡಲಿಲ್ಲ. ಮೀಸೆಯ ಮಾತನ್ನು ಪುಣ್ಯಕ್ಕೆ ಯಾರೂ ಎತ್ತಲಿಲ್ಲ. ಆಣೆ ಇಟ್ಟಿದ್ದು ಜೀಪಿನ ಟಯರಿನ ಮೇಲೆ, ಬಸ್ಸಿನದರ ಮೇಲಲ್ಲ.

ಭತ್ತ ಬೆಳೆಯಿತು. ಮೊದಲು ಗಾಲಿ ಮರೆಯಾದವು, ಆಮೇಲೆ ಬಂಪರ್. ತೆನೆ ಕಟ್ಟುವ ಹೊತ್ತಿಗೆ ಹಸಿರಿನ ಮೇಲೆ ತೇಲುವ ಒಂದು ಸ್ಟೇರಿಂಗ್ ಚಕ್ರ ಉಳಿಯಿತು. ಹಕ್ಕಿಗಳ ಕಾಟ ಶುರುವಾಯಿತೆಂದು ಮಾವ ಡ್ರೈವರ್ ಸೀಟಿನಲ್ಲಿ ಒಬ್ಬ ಬೆರ್ಚಪ್ಪನನ್ನು ಕೂರಿಸಿದರು. ಹುಲ್ಲಿನ ಮೈ, ಮಡಕೆಯ ತಲೆ. ಅವನಿಗೆ ಬಟ್ಟೆ ಕಳಿಸಿದವಳು ನನ್ನ ಧರ್ಮಪತ್ನಿ! ನನ್ನ ಮದುವೆಯ ಕೋಟು, ಮಂಕಿ ಕ್ಯಾಪ್, ಕಪ್ಪು ಕನ್ನಡಕ.

ಕಂಪ್ಲಿಯ ಅಕ್ಕಿ ವ್ಯಾಪಾರಿ ಮೂಕಣ್ಣ ಒಂದು ದಿನ ಮಿಲ್ಲಿಗೆ ಬಂದವನು ಮುಖ ಗಂಟು ಹಾಕಿಕೊಂಡೇ ಕೂತ.

"ಕೊಟ್ರಪ್ಪನವರ, ಭಾಳ ದೊಡ್ಡಾರಾಗೀರಿ ಬಿಡ್ರಿ. ಬಸ್ಸಿನ್ಯಾಗಿಂದ ದಿನಾ ಕೈ ಮಾಡ್ತೀನಿ. ಒಂದ ಸಲನೂ ತಲಿ ಹೊಳ್ಳಿಸಿ ನೋಡಲ್ಲ!"

ಅವನಿಗೆ ಚಹಾ ತರಿಸಿ ಕ್ಷಮೆ ಕೇಳಿದೆ. ಬೆರ್ಚಪ್ಪನ ಪರವಾಗಿ!

ಬೇಸಿಗೆಗೆ ಕಾಲುವೆಯ ನೀರು ನಿಲ್ಲಿಸಿದರು, ಗದ್ದೆ ಒಣಗಿ ಬಿರುಕು ಬಿಟ್ಟಿತು, ಕೊಯ್ಲು ಮುಗಿಯಿತು. ನಾನು ಗೆಳೆಯರೊಂದಿಗೆ ಗುದ್ದಲಿ, ಬ್ಯಾಟರಿ, ಪೆಟ್ರೋಲ್ ಹೊತ್ತು ಹೋದೆ. ಚೆನ್ನಬಸಮ್ಮನೂ ಬಂದಳು, ಹಗ್ಗ ಹಿಡಿದುಕೊಂಡು. ಗಾಲಿಗಳ ಸುತ್ತ ಅಗೆದೆವು. ಬೆರ್ಚಪ್ಪನನ್ನು ಎತ್ತಿ ಕೆಳಗಿಟ್ಟು ನಾನು ಕೂತೆ. ಕೀಲಿ ತಿರುಗಿಸಿದೆ. ಜೀಪು ಕೆಮ್ಮಿತು, ಉಗುಳಿತು, ಒಂದು ಹೆಗ್ಗಣದ ಸಂಸಾರವನ್ನು ಬಾನೆಟ್ಟಿನಿಂದ ಹೊರಗೆ ಕಳಿಸಿತು, ಗುಡುಗಿತು! ಎತ್ತಿಲ್ಲ, ಲಾರಿಯಿಲ್ಲ, ಟ್ರ್ಯಾಕ್ಟರಿಲ್ಲ! ತನ್ನ ಗಾಲಿಯ ಮೇಲೆ ತಾನೇ ಬದು ಹತ್ತಿ ಹೋಗಿ ಬೇವಿನ ಮರದಡಿ ನಿಂತಿತು. ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

"ನೋಡಿದೇನು!" ಎಂದೆ, ಎದೆ ಉಬ್ಬಿಸಿ. "ಯಾರೂ ಎಳೀಲಿಲ್ಲ! ಕೊಟ್ಟ ಮಾತು ಉಳಿಸ್ಕೊಂಡೀನಿ! ಇನ್ನ ನೀ ಇದನ್ನ ಮಾರಾಂಗಿಲ್ಲ!"

"ಹೌದ್ರಿ, ಮಾರಾಂಗಿಲ್ಲ" ಎಂದಳು ಚೆನ್ನಬಸಮ್ಮ, ಹಗ್ಗ ಸುತ್ತಿ ಇಡುತ್ತಾ. "ನಾನೂ ಮಾತಿಗೆ ತಪ್ಪಾಕಿ ಅಲ್ಲ. ಅದಕ್ಕs ಅಪ್ಪಗ ಪುಕ್ಕಟೆ ಕೊಟ್ಟುಬಿಟ್ಟೀನಿ. ಈ ಸಲ ಒಂದು ಹಕ್ಕಿನೂ ತೆನಿಗೆ ಬಾಯಿ ಹಾಕಿಲ್ಲಂತ!"

ನಾನು ಬಾಯಿ ತೆರೆಯುವ ಮೊದಲೇ ಮಾವ ಗದ್ದೆಯಿಂದ ಬೆರ್ಚಪ್ಪನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಕೋಟಿನ ಧೂಳು ಕೊಡವಿದರು, ಕನ್ನಡಕ ಸರಿ ಮಾಡಿದರು, ಆಮೇಲೆ ಮರ್ಯಾದೆಯಿಂದಲೇ ನನಗೆ ಹೇಳಿದರು:

"ಅಳಿಯಂದ್ರ, ಸ್ವಲ್ಪ ಆ ಕಡಿ ಸರೀರಿ. ಡ್ರೈವರ್ ಕುಂದ್ರಬೇಕು."