ಮೊಣಕಾಲೂರಿ ಕೇಳಿದ ಥ್ರ್ಯಾಶ್ ಮೆಟಲ್

ಪೋಲೆಂಡ್ ದೇಶದ ಥ್ರ್ಯಾಶ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ತಂಡದ ಮಾನ್ಯ ಗಾಯಕರೇ, ಗಿಟಾರಿಗರೇ, ಡ್ರಮ್ಸ್ ಬಡಿಯುವ ಮಹಾಶಯರೇ,

ಮಸ್ಕತ್ತಿನ ಅಲ್ ಹೈಲ್‌ನಿಂದ ಮಂಗಳೂರು ಮೂಲದ ಡೆಸ್ಮಂಡ್ ಮಾಡುವ ಅನಂತ ನಮಸ್ಕಾರಗಳು. ತಲೆ ಕೊಡವಿ ಕೊಡವಿ ಹಾಡುವ ತಮ್ಮ ಕತ್ತಿನ ನರಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯವರ ಮೊಣಕಾಲುಗಳು ಇನ್ನೂ ಚೇತರಿಸಿಕೊಳ್ಳುತ್ತಿವೆ.

ಊರಿಗೆ ಹೊರಟ ಸ್ನೇಹಿತರೊಬ್ಬರು ಬಿಟ್ಟುಹೋದ ಸಾಮಾನಿನಲ್ಲಿ ತಮ್ಮ ಆಲ್ಬಮ್ಮಿನ ಸಿ.ಡಿ. ಸಿಕ್ಕಿತು. ಮುಖಪುಟದಲ್ಲಿ ಇಗರ್ಜಿಯ ಗೋಪುರ, ಶಿಲುಬೆ, ಮೇಣದಬತ್ತಿ, ಜೊತೆಗೆ ಉದ್ದ ಕೂದಲು, ಗಡ್ಡ ಬಿಟ್ಟ ತಾವುಗಳು. ಪೋಪರನ್ನು ಕೊಟ್ಟ ದೇಶದವರು, ಮುಖದಲ್ಲಿ ಸಾಕ್ಷಾತ್ ಅಪೊಸ್ತಲರ ಕಳೆ. ಒಳಗಿರುವುದು ಭಕ್ತಿಗೀತೆಯೆಂದು ನಾನು ತಿಳಿದುಕೊಂಡರೆ ತಪ್ಪು ಯಾರದು ಸ್ವಾಮಿ?

ಅದೇ ವಾರ ನನ್ನ ಮಗಳು ಓಲಿವಿಯಾ ಮೆಚ್ಚಿದ ಹುಡುಗನ ತಾಯಿ ಡೀನಾ ಬಾಯಿ, ಮಗನೊಂದಿಗೆ ನಮ್ಮ ಮನೆ ನೋಡಲು ಬಂದರು. ಭಕ್ತಿ ಕಡಿಮೆಯಿರುವ ಮನೆಯಲ್ಲಿ ಚಹಾ ಕೂಡ ಮುಟ್ಟದವರು. ಅವರು ಒಪ್ಪದಿದ್ದರೆ ಮದುವೆಯೇ ಇಲ್ಲ. ಎಲ್ಲರೂ ಮೊಣಕಾಲೂರಿ ಜಪಮಾಲೆ ಮುಗಿಸಿದ ಕೂಡಲೇ ನಾನು, ಇನ್ನು ಪೋಲೆಂಡಿನ ಭಕ್ತಿಗೀತೆ ಎಂದು ಜಂಬದಿಂದ ಸಾರಿ ತಮ್ಮ ಸಿ.ಡಿ. ಹಾಕಿದೆ.

ಅಬ್ಬಬ್ಬಾ, ಏನು ಕಂಠ, ಏನು ಬಡಿತ! ಇಲ್ಲಿನ ಘಾಲಾ ಪ್ರದೇಶದ ಗ್ಯಾರೇಜುಗಳೆಲ್ಲ ನಮ್ಮ ಹಾಲಿಗೇ ಬಂದಂತಾಯಿತು. ಆದರೆ ಡೀನಾ ಬಾಯಿ ಏಳಲಿಲ್ಲ. ಅವರು ಏಳದೆ ನಾವು ಏಳುವುದು ಹೇಗೆ? ನಾವು ಏಳಲಿಲ್ಲವೆಂದು ಅವರೂ ಏಳಲಿಲ್ಲ. ನನ್ನ ಹೆಂಡತಿ ಗ್ರೆಟ್ಟಾ, "ಖಲಾಸ್, ಸಂಬಂಧ ಹೋಯ್ತು ಮಾರಾಯ್ರೆ" ಅಂದದ್ದು ನನಗೆ ತುಟಿ ನೋಡಿ ತಿಳಿಯಿತು. ಹೀಗೆ ಇಡೀ ಆಲ್ಬಮ್ ಮುಗಿಯಿತು. ಡೀನಾ ಬಾಯಿ ಕಣ್ಣೊರೆಸಿಕೊಂಡು, ದೇವರೆದುರು ಇಷ್ಟು ಹೊತ್ತು ಮೊಣಕಾಲೂರುವ ಮನೆಯನ್ನು ತಾನು ಮಸ್ಕತ್ತಿನಲ್ಲೇ ಕಂಡಿಲ್ಲವೆಂದು ಹೇಳಿ ಸಂಬಂಧಕ್ಕೆ ಒಪ್ಪಿಬಿಟ್ಟರು!

ಅವರು ಹೋದ ಮೇಲೆ ಓಲಿವಿಯಾ ತಮ್ಮ ಹಾಡುಗಳ ಅರ್ಥವನ್ನು ಫೋನಿನಲ್ಲಿ ಹುಡುಕಿ, ಬಿದ್ದು ಬಿದ್ದು ನಕ್ಕು, "ಪಪ್ಪಾ, ಇಟ್ ಈಸ್ ಥ್ರ್ಯಾಶ್ ಮೆಟಲ್! ಪೂರಾ ಯುದ್ಧ, ಹೆಣ!" ಅಂದಳು. ಈಗ ಅವಳ ನಗುವೂ ನಿಂತಿದೆ, ಏಕೆಂದರೆ ಡೀನಾ ಬಾಯಿಗೆ ಆ ಗೀತೆಗಳ ಅರ್ಥ ಬೇಕಂತೆ. ಪರಿಚಯದ ಪೋಲೆಂಡಿನ ನರ್ಸೊಬ್ಬರನ್ನು ಶುಕ್ರವಾರ ಕರೆತರುತ್ತಾರಂತೆ. ಮಗಳು ಊಟವನ್ನೇ ಬಿಟ್ಟಿದ್ದಾಳೆ, ನನಗೆ ಅವಳ ಮುಖ ನೋಡಲಾಗುತ್ತಿಲ್ಲ. ಆದಕಾರಣ ತಾವು ಅಷ್ಟರೊಳಗೆ ಯಾವುದಾದರೂ ಮಠ ಸೇರಿಬಿಡಬೇಕು, ಇಲ್ಲವೇ ಹೆಣಗಳಿದ್ದಲ್ಲೆಲ್ಲ ಸಂತರ ಹೆಸರು ಸೇರಿಸಿ ಅದೇ ಆರ್ಭಟದಲ್ಲಿ ಮತ್ತೊಮ್ಮೆ ಹಾಡಿ ಕಳಿಸಬೇಕೆಂದು ವಿನಂತಿ. ಡೀನಾ ಬಾಯಿ ಮುಂಬಯಿಯಲ್ಲಿ ಬೆಳೆದವರು, ಕನ್ನಡ ಓದುವುದಿಲ್ಲ. ಆ ಧೈರ್ಯದಿಂದಲೇ ಈ ಪತ್ರ ಬಹಿರಂಗ.

ಕಿವಿ ಕೇಳುವಷ್ಟು ಕಾಲ ತಮ್ಮ ವಿಶ್ವಾಸಿ,
ಡೆಸ್ಮಂಡ್

ತಾ.ಕ.: ಪತ್ರಿಕೆಗೆ ಕಳಿಸುವಷ್ಟರಲ್ಲಿ ಶುಕ್ರವಾರ ಕಳೆಯಿತು. ನರ್ಸಮ್ಮ ಆಲ್ಬಮ್ಮನ್ನು ಪೂರ್ತಿ ಕೇಳಿ, ತನಗೆ ಒಂದು ಪದವೂ ತಿಳಿಯಲಿಲ್ಲ ಎಂದರು. ಹಾಗಾದರೆ ಬಹಳ ಪುರಾತನ ಪ್ರಾರ್ಥನೆಯೇ ಇರಬೇಕೆಂದು ಡೀನಾ ಬಾಯಿ ಕೈಮುಗಿದು ಮದುವೆಯ ದಿನ ಗೊತ್ತುಮಾಡಿದರು. ತಮ್ಮ ಉಚ್ಚಾರವನ್ನು ದಯವಿಟ್ಟು ಯಾವ ಕಾರಣಕ್ಕೂ ತಿದ್ದಿಕೊಳ್ಳಬೇಡಿ.